ಸಾಮಾನು ಚೀಟಿಗೆ ಕಾವಲು

ಬೆಳಗ್ಗೆ ಗಂಡ ಟೈಮ್ ನೋಡಲೆಂದು ಅವಳ ಫೋನ್ ಎತ್ತಿಕೊಂಡದ್ದೇ ಎಲ್ಲಕ್ಕೂ ಮೂಲ. ಗೋಡೆಗೊಂದು ಗಡಿಯಾರವಿದ್ದರೂ ಆ ಮನೆಯವರು ಟೈಮ್ ನೋಡುವುದು ಅವಳ ಫೋನಿನಲ್ಲೇ.

“ಏನೇ ಇದು, ಸಾಮಾನು ಚೀಟಿ ನಲವತ್ತು ಪುಟ ಇದೆ? ಯಾವ ಸೈನ್ಯಕ್ಕೆ ಅಡುಗೆ ಮಾಡ್ತೀಯ?”

“ಅಯ್ಯೋ, ಹಾಲು ಉಕ್ತಿದೆ, ಹೋಗಿ ನೋಡಿ!”

ಒಲೆಯ ಮೇಲೆ ಹಾಲೇ ಇರಲಿಲ್ಲ. ಅವನು ಹಾಲು ಹುಡುಕಿ ಮುಗಿಸುವಷ್ಟರಲ್ಲಿ ಅವಳು ಫೋನ್ ಕಸಿದುಕೊಂಡು, ಚಪ್ಪಲಿ ಮೆಟ್ಟಿ ಬೀದಿಗಿಳಿದಿದ್ದಳು.

ಸಾಮಾನು ಚೀಟಿಯಲ್ಲಿ ಸಾಮಾನಿರಲಿಲ್ಲ. ಮೂರು ವರ್ಷಗಳಿಂದ ಬಾಯಿಗೆ ಬಂದು ಗಂಟಲಲ್ಲೇ ಉಳಿದ ಮಾತುಗಳೆಲ್ಲ ಅಲ್ಲಿದ್ದವು. ‘ಅತ್ತೆ ಬಾಗಿಲು ತಟ್ಟಿ ಒಳಗೆ ಬರುವುದಿಲ್ಲ, ಒಳಗೆ ಬಂದು ತಟ್ಟುತ್ತಾರೆ.’ ‘ಇವರು ಸಹಾಯ ಮಾಡಿದ ದಿನ ನನಗೆ ಎರಡು ದಿನದ ಕೆಲಸ.’ ಮೂರು ಕೋಣೆಯ ಮನೆಯಲ್ಲಿ ಅವಳದೆಂದು ಇದ್ದ ನಾಲ್ಕನೆಯ ಕೋಣೆ ಅದು. ಅದಕ್ಕೀಗ ಚಿಲಕ ಬೇಕಿತ್ತು.

ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವಳು. ಎಲ್ಲರ ಬಾಯಲ್ಲೂ ‘ಲೆನ್ಸಕ್ಕ’. ಬಿಲ್ ಬರೆಯುವವನಿಗೆ ಬಲ್ಲಣ್ಣನೆಂದು ಅಡ್ಡಹೆಸರು. ಅವನಿಗೆ ತಿಳಿಯದ್ದು ಜಗತ್ತಿನಲ್ಲಿ ಇಲ್ಲ, ಬಿಲ್ ಬರೆಯುವುದೊಂದನ್ನು ಬಿಟ್ಟು. ಫೋನಿಗೆ ಬೀಗ ಹಾಕುವುದು ಹೇಗೆಂದು ಅವನನ್ನೇ ಕೇಳಿದಳು.

“ಅಷ್ಟೇ ತಾನೆ ಅಕ್ಕ? ಕಳ್ಳರನ್ನ ಹಿಡಿಯೋ ಆ್ಯಪ್ ಹಾಕ್ತೀನಿ. ಮೂರು ಸಲ ತಪ್ಪು ನಂಬರ್ ಒತ್ತಿದ್ರೆ ಕಳ್ಳನ ಫೋಟೊ ತೆಗೆದು, ಬೀದಿಗೆಲ್ಲ ಕೇಳೋ ಹಾಗೆ ಕಿರಿಚುತ್ತೆ. ಗುಟ್ಟಿನ ನಂಬರ್ ಹೇಳಿ. ಹುಟ್ಟಿದ ತಾರೀಖು ಬೇಡ, ಅದು ಎಲ್ರಿಗೂ ಗೊತ್ತಿರುತ್ತೆ.”

“ನನ್ನದು ನಮ್ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಬಿಡಪ್ಪ,” ಎಂದರೂ, ಅವಳು ಮೇಜಿನ ಮೇಲಿದ್ದ ಅತ್ತೆಯ ಕನ್ನಡಕದ ಚೀಟಿ ನೋಡಿದಳು. ಕಡ್ಡಿ ಕಳಚಿದ ಕನ್ನಡಕದ ಜೊತೆ ಬೆಳಗ್ಗೆ ತಂದದ್ದು. ಎರಡು ಕಣ್ಣಿನ ಪವರ್ ಒಂದರ ಪಕ್ಕ ಒಂದು ಜೋಡಿಸಿದರೆ ಆರಂಕಿ. ಅದನ್ನೇ ಒತ್ತಿದಳು.

“ಈಗ ಒಬ್ಬ ನಂಬಿಕಸ್ತರ ನಂಬರ್.”

ಅಷ್ಟರಲ್ಲಿ ಗಿರಾಕಿ ಬಂದರು. ಅವಸರದಲ್ಲಿ ಎಲ್ಲ ಫಾರಂಗಳಿಗೂ ತುಂಬುವ ನಂಬರನ್ನು ಬೆರಳು ತಾನಾಗಿ ಒತ್ತಿತು. ಅದರ ಕೆಳಗಿದ್ದ ಸಣ್ಣಕ್ಷರವನ್ನು ಅವಳು ಓದಲಿಲ್ಲ. ಬಲ್ಲಣ್ಣ ಓದದೆಯೇ ಬಲ್ಲವನು.

ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆದು ಬಂದು ಫೋನ್ ಹಿಡಿದಾಗ ತಲೆಯೊಳಗೆ ಕತ್ತಲಾಯಿತು. ಬಲಗಣ್ಣು ಮೊದಲೋ, ಎಡಗಣ್ಣೋ? ಹನ್ನೆರಡು ವರ್ಷ ಎದುರು ಕೂತವರ ಕಣ್ಣು ನೋಡಿ ನೋಡಿ ಅವಳಿಗೆ ಎಡಬಲವೇ ಅದಲುಬದಲಾಗಿತ್ತು. ಎಡಗಣ್ಣು ಮೊದಲು ಒತ್ತಿದಳು. ತಪ್ಪು. ಬಲಗಣ್ಣು ಒತ್ತುವಾಗ ಒದ್ದೆ ಬೆರಳು ಜಾರಿತು. ತಪ್ಪು. ಗಾಬರಿಯಲ್ಲಿ ಮತ್ತೆ ಎಡಗಣ್ಣಿಗೇ ಹೋದಳು.

“ಕಳ್ಳ! ಕಳ್ಳ! ಹಿಡೀರಿ!” ಫೋನ್ ಬಾಲ ತುಳಿಸಿಕೊಂಡ ಬೆಕ್ಕಿನಂತೆ ಅರಚಿತು.

ಪರೀಕ್ಷೆಗೆಂದು ಕಣ್ಣಿಗೆ ಔಷಧಿ ಹಾಕಿಸಿಕೊಂಡು, ಎಲ್ಲ ಮಂಜಾಗಿ ಬೆಂಚಿನ ಮೇಲೆ ಕೂತಿದ್ದ ಮುದುಕರೊಬ್ಬರು ತಡಕಾಡುತ್ತ ಎದ್ದು ಬಲ್ಲಣ್ಣನ ಕುತ್ತಿಗೆಪಟ್ಟಿ ಹಿಡಿದರು. “ಸಿಕ್ಕಿದ! ಬಾಗಿಲು ಹಾಕಿ!”

“ಸ್ವಾಮಿ, ನಾನು ಬಿಲ್ಲಿನವನು!”

“ಹೋದ ಸಲದ ಬಿಲ್ ನೋಡಿದಾಗ್ಲೇ ಅಂದ್ಕೊಂಡೆ!”

ಪಕ್ಕದಂಗಡಿಯವರು ನುಗ್ಗಿದರು. ಕನ್ನಡಿಯ ಸ್ಟ್ಯಾಂಡ್ ಉರುಳಿತು. ಬಲ್ಲಣ್ಣ ಹೇಗೋ ಬಿಡಿಸಿಕೊಂಡು, ಅವಳು ತೋರಿಸಿದ ಪವರ್ ಚೀಟಿ ನೋಡಿ ಸರಿಯಾದ ನಂಬರ್ ಒತ್ತಿದ. ಫೋನ್ ತೆಪ್ಪಗಾಯಿತು. ಪರದೆಯ ಮೇಲೆ ಕಳ್ಳನ ಫೋಟೊ: ಬಾಯಿ ತೆರೆದ ಲೆನ್ಸಕ್ಕ. ಅದರ ಕೆಳಗೆ: ‘ನಿಮ್ಮ ಅಮೂಲ್ಯ ಬರಹಗಳನ್ನು ನಂಬಿಕಸ್ತರಿಗೆ ಕಳಿಸಿ, ಕಳ್ಳನಿಗೆ ಸಿಗದಂತೆ ಇಲ್ಲಿಂದ ಅಳಿಸಲಾಗಿದೆ. ನಿಶ್ಚಿಂತೆಯಿಂದಿರಿ.’

“ನೋಡಿದ್ರಾ ಅಕ್ಕ, ಎಂಥಾ ಆ್ಯಪು! ಯಾರ ನಂಬರ್ ಕೊಟ್ಟಿದ್ರಿ?”

ಅವಳು ತಾನು ಒತ್ತಿದ್ದ ನಂಬರನ್ನು ತೆರೆದು ನೋಡಿದಳು. ಗ್ಯಾಸಿನವರಿಗೆ, ಶಾಲೆಗೆ, ಆಸ್ಪತ್ರೆಗೆ ಕೊಡುವ ನಂಬರ್. ಮನೆಯಲ್ಲಿ ಮೊದಲ ರಿಂಗಿಗೇ ಫೋನ್ ಎತ್ತುವ ಒಂದೇ ಜೀವದ ನಂಬರ್. ಅತ್ತೆಯದು.

ತಕ್ಷಣ ಫೋನ್ ಮಾಡಿದಳು. “ಅತ್ತೆ, ನಿಮ್ಮ ಫೋನಿಗೆ ಏನಾದ್ರೂ ಬಂತಾ?”

“ಏನೋ ಟಿಣ್ ಅಂತು ಕಣೇ. ಕನ್ನಡಕ ನಿನ್ನ ಹತ್ರ ಇದೆ, ನಂಗೇನು ಕಾಣುತ್ತೆ? ರಿಪೇರಿ ಆಯ್ತಾ?”

ಆಗಿತ್ತು. ಕಡ್ಡಿ ಗಟ್ಟಿಯಾಗಿ ಕೂತು ಹೊಳೆಯುತ್ತಿತ್ತು. ಹನ್ನೆರಡು ವರ್ಷದಲ್ಲಿ ಒಂದೇ ಒಂದು ಕನ್ನಡಕವನ್ನೂ ಸಡಿಲ ಬಿಟ್ಟವಳಲ್ಲ ಲೆನ್ಸಕ್ಕ. ಸಣ್ಣ ಸ್ಕ್ರೂಡ್ರೈವರ್ ತೆಗೆದುಕೊಂಡು ತಾನೇ ಹಾಕಿದ ಸ್ಕ್ರೂ ಬಿಚ್ಚಿದಳು.

“ಇಲ್ಲ ಅತ್ತೆ. ಸ್ಕ್ರೂ ಸಿಗ್ತಿಲ್ಲ. ಒಂದು ವಾರ ಆಗ್ಬಹುದು.”

ಸಂಜೆ, ಮನೆ ಸೇರಿದ ಕೂಡಲೇ ಅತ್ತೆಯ ಫೋನಿನಿಂದ ಎಲ್ಲ ಅಳಿಸಿಬಿಡಬೇಕೆಂದು ಓಡೋಡಿ ಬಂದಳು. ಮೆಟ್ಟಿಲ ಮೇಲೆ ಐದು ಜೊತೆ ಚಪ್ಪಲಿ. ಒಳಗೆ ಅಕ್ಕಪಕ್ಕದ ಹೆಂಗಸರೆಲ್ಲ ನೆಲದ ಮೇಲೆ. ನಡುವೆ ಕುರ್ಚಿಯಲ್ಲಿ ಮೇಲ್ಮನೆಯ ಟೀಚರಮ್ಮ, ಕೈಯಲ್ಲಿ ಅತ್ತೆಯ ಫೋನ್. ಮೂವತ್ತು ವರ್ಷ ಪಾಠ ಹೇಳಿದ ಸ್ಪಷ್ಟ ದನಿ: “...ನನಗೆ ಎರಡು ದಿನದ ಕೆಲಸ.”

ಹೆಂಗಸರು ಬಿದ್ದು ಬಿದ್ದು ನಕ್ಕರು. ಮೂಲೆಯಲ್ಲಿ ಗಂಡ ತಲೆ ತಗ್ಗಿಸಿ ಎಲ್ಲರ ಕಾಫಿ ಲೋಟ ಎತ್ತುತ್ತಿದ್ದ. ಒಂದು ಆಗಲೇ ಒಡೆದಿತ್ತು.

“ಬಂದ್ಯಾ? ಬಾ ಬಾ,” ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. “ನಂಗೆ ಕಾಣಲ್ವಲ್ಲ, ಟೀಚರಮ್ಮನ್ನ ಕರೆದೆ. ಹದಿನೇಳನೇ ಪುಟಕ್ಕೆ ಬಂದಿದ್ದೀವಿ. ನನ್ನ ಮಗನ ವಿಷಯ ಅಕ್ಷರ ಅಕ್ಷರ ನಿಜ ಕಣೇ!”

“ಮತ್ತೆ... ನಿಮ್ಮ ವಿಷಯ?”

“ಆ ಬಾಗಿಲಿಂದು ತೆಗೆದುಹಾಕು. ಸುಳ್ಳು. ಇನ್ಮೇಲೆ ದಿನಾ ಒಂದು ಪುಟ, ನಾಲ್ಕು ಗಂಟೆಯೊಳಗೆ ಕಳಿಸ್ಬೇಕು. ಇವರೆಲ್ಲ ಬಂದು ಕೂತಿರ್ತಾರೆ.”

“ನನ್ನ ಸೊಸೆ ವಿಷಯನೂ ಬರಿಯಮ್ಮ,” ಎಂದರು ಎದುರುಮನೆಯವರು. “ಬೇಕಾದ್ದು ನಾನು ಹೇಳ್ತೀನಿ.”

ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಲಗಣ್ಣು, ಎಡಗಣ್ಣು; ಫೋನ್ ತೆರೆಯಿತು. ಹೊಸ ಪುಟದ ಮೇಲೆ ‘ಸಾಮಾನು ಚೀಟಿ’ ಎಂದು ಬರೆದು, ಇನ್ನೊಂದಕ್ಷರ ಹೊಳೆಯದೆ ಕೂತಳು.

ಬಾಗಿಲು ತೆರೆಯಿತು. ಅತ್ತೆ ಒಳಗೆ ಬಂದರು. ಬಂದು, ತಟ್ಟಿದರು.

“ಬರೀತಿದ್ದೀಯಾ? ಕನ್ನಡಕ ಬರೋವರೆಗೂ ಜೋರಾಗಿ ಓದ್ಕೊಂಡೇ ಬರಿ,” ಎಂದು ಮಂಚದ ಮೇಲೆ ಕಾಲು ಮಡಿಸಿ ಕೂತರು. “ಕೇಳ್ತೀನಿ.”