ದರ್ಜಿಗೆ ಸೂಜಿಯ ಭಯ

ದಿನವಿಡೀ ಸೂಜಿ ಹಿಡಿದೇ ಬದುಕುವ ಪ್ಯಾಂಟ್ ಮಾಸ್ಟರಿಗೆ ಡಾಕ್ಟರ ಸೂಜಿ ಕಂಡರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಟೆಸ್ಟೋಸ್ಟೆರಾನ್ ಎಂಬ ಗಂಡಸು ಹಾರ್ಮೋನು ಇಳಿದುಹೋಗಿ, ಕತ್ತರಿ ಹಿಡಿದಲ್ಲೇ ತೂಕಡಿಸಿ, ಗಿರಾಕಿಯೊಬ್ಬರ ಪ್ಯಾಂಟಿನ ಒಂದು ಕಾಲನ್ನು ಚಡ್ಡಿ ಮಾಡಿಟ್ಟ ಮೇಲೆ ಡಾಕ್ಟರಮ್ಮನ ಹತ್ತಿರ ಹೋಗದೆ ವಿಧಿಯಿರಲಿಲ್ಲ.

“ಹೆಗಲಿಗೆ ಹಚ್ಚೋ ಜೆಲ್ ಕೊಡ್ತೀನಿ. ರಕ್ತದಲ್ಲಿ ಅಳತೆ ಸರಿಯಾಗಿ ನಿಂತ್ರೆ ಇದೇ ಸಾಕು. ಏರುಪೇರಾದ್ರೆ ಇಂಜೆಕ್ಷನ್ನೇ ಗತಿ.”

“ಅಳತೆ ವಿಷ್ಯದಲ್ಲಿ ನನಗೇ ಪಾಠಾನಾ, ಡಾಕ್ಟ್ರೇ?” ಎಂದು ಮಾಸ್ಟರ್ ಎದೆಯುಬ್ಬಿಸಿದ.

ಹಾಗೇ ನಡೆದುಕೊಂಡ ಕೂಡ. ಸ್ನಾನ ಮಾಡಿ ಜೆಲ್ ಹಚ್ಚುವುದು, ಕೈ ತೊಳೆಯುವುದು, ಒಣಗಿದ ಮೇಲೆ ಅಂಗಿ ತೊಡುವುದು, ಒಂದು ದಿನವೂ ತಪ್ಪಲಿಲ್ಲ. ಮನೆಯಲ್ಲಿ ಗೊತ್ತಾದರೆ ಮಾನ ಹೋಗುತ್ತದೆಂದು ಟ್ಯೂಬನ್ನು ನೋವಿನ ಮುಲಾಮಿನ ಹಳೇ ಡಬ್ಬಿಯಲ್ಲಿ ಬಚ್ಚಿಟ್ಟಿದ್ದ. ಅದು ಯಾಕೋ ಬೇಗ ಖಾಲಿಯಾಗುತ್ತಿತ್ತು. ಕಂಪನಿಯವರು ಅರ್ಧ ಗಾಳಿ ತುಂಬುತ್ತಾರೆಂದು ಬೈದುಕೊಂಡು ಸುಮ್ಮನಾದ.

ರಕ್ತಪರೀಕ್ಷೆಯ ದಿನ ಬಂತು. ರಕ್ತ ಕೊಡುವವರೆಗೆ ಜೆಲ್ ಮುಟ್ಟುವಂತಿಲ್ಲ. ಮಾಸ್ಟರ್ ಮುಟ್ಟಲೂ ಇಲ್ಲ. ಆದರೆ ಹಿಂದಿನ ದಿನ ಇಸ್ತ್ರಿಪೆಟ್ಟಿಗೆ ಎತ್ತಿ ಮೊಣಕೈ ಉಳುಕಿತ್ತು. ಬೆಳಿಗ್ಗೆ ಲ್ಯಾಬಿಗೆ ಹೊರಡುವ ಮುಂಚೆ, ಮನೆಯಲ್ಲೇ ಇದ್ದ ಹೆಂಡತಿಯ ತಾಯಿ ಅವನನ್ನು ಹಿಡಿದು ಕೂರಿಸಿದರು.

“ಅಳಿಯಂದ್ರೇ, ಅಲ್ಲಾಡಬೇಡಿ. ಚೆನ್ನಾಗಿ ತಿಕ್ಕಿಬಿಡ್ತೀನಿ.”

ಅಬ್ಬಾ, ಅದೇನು ಹಿಡಿತ! ತುಂಬಿದ ಗ್ಯಾಸ್ ಸಿಲಿಂಡರನ್ನೂ ಈಚೆಗೆ ಒಬ್ಬರೇ ಎತ್ತಿಡುವ ಅತ್ತೆ ಅವರು. ಕಣ್ಣು ಮುಚ್ಚಿ ಲ್ಯಾಬಿನ ಸೂಜಿಯನ್ನೇ ನೆನೆಯುತ್ತಿದ್ದ ಮಾಸ್ಟರಿಗೆ ಮೊಣಕೈ ತಣ್ಣಗಾದದ್ದಷ್ಟೇ ತಿಳಿಯಿತು.

ರಕ್ತ ಕೊಟ್ಟು ಬಂದು, ಮಧ್ಯಾಹ್ನ ಅಂಗಡಿಯಲ್ಲಿ ಅವನು ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿದ್ದಾಗ ಫೋನು ಬಡಿದುಕೊಂಡಿತು. ಗುಂಡಿ ಹಾಕುವ ಅಕ್ಕ ಉಪಕಾರ ಮಾಡಲೆಂದು ಸ್ಪೀಕರಿಗೆ ಹಾಕಿಬಿಟ್ಟಳು.

“ಕ್ಲಿನಿಕ್ಕಿಂದ. ನಿಮ್ಮ ಗಂಡಸು ಹಾರ್ಮೋನು ಸಿಕ್ಕಾಪಟ್ಟೆ ಏರಿದೆ. ತಕ್ಷಣ ಬನ್ನಿ!”

ಗಿರಾಕಿ ಟೇಪಿನ ಸಮೇತ ಹಿಂದೆ ಸರಿದ. ಅಂಗಡಿ ಮಾಲೀಕರು ಕತ್ತರಿ ಎತ್ತಿ ಒಳಗಿಟ್ಟರು. “ಅಯ್ಯೋ, ಮನೇಲಿ ಹೇಳ್ಬೇಕು!” ಎಂದು ಅಕ್ಕ ಮಾಸ್ಟರ ಅತ್ತೆಗೇ ಫೋನು ಹಚ್ಚಿದಳು.

ಮಾಸ್ಟರ್ ಓಡೋಡಿ ಹೋಗುವಷ್ಟರಲ್ಲಿ ಅತ್ತೆ ಕ್ಲಿನಿಕ್ಕಿನಲ್ಲಿ ಕೂತಿದ್ದರು.

“ಜೆಲ್ ಜಾಸ್ತಿ ಹಚ್ಚಿದ್ರಾ?” ಡಾಕ್ಟರಮ್ಮ ಗದರಿದರು.

“ಆಣೆಗೂ ಇಲ್ಲ ಡಾಕ್ಟ್ರೇ! ಇವತ್ತು ಡಬ್ಬೀನೇ ಮುಟ್ಟಿಲ್ಲ!”

“ಯಾವ ಡಬ್ಬಿ? ಮುಲಾಮಿಂದಾ?” ಅತ್ತೆ ನಡುವೆ ಬಾಯಿ ಹಾಕಿದರು. “ಬೆಳಿಗ್ಗೆ ಮೊಣಕೈಗೆ ಅದನ್ನೇ ಹಚ್ಚಿದ್ದು. ಹಾಳಾದ್ದು ಉರೀಲೇ ಇಲ್ಲ, ಅದಕ್ಕೆ ಇನ್ನಷ್ಟು ಹಚ್ಚಿದೆ.”

ಮಾಸ್ಟರ್ ಡಾಕ್ಟರಮ್ಮನ ಕಿವಿಯಲ್ಲಿ ಡಬ್ಬಿಯ ಗುಟ್ಟು ಹೇಳಿದ. ಡಾಕ್ಟರಮ್ಮ ನಕ್ಕೇಬಿಟ್ಟರು. “ಜೆಲ್ ಮೆತ್ತಿದ ಜಾಗದಲ್ಲೇ ರಕ್ತ ತೆಗೆದ್ರೆ ಹೀಗೇ ಆಗೋದು. ಈ ಅಳತೆ ಸುಳ್ಳು. ನಿಮ್ಮ ತಪ್ಪಿಲ್ಲ ಬಿಡಿ.”

ಮಾಸ್ಟರಿಗೆ ಹೋದ ಜೀವ ಬಂದಂತಾಯಿತು. “ನಾನು ಹೇಳ್ಲಿಲ್ವಾ? ಅಳತೇಲಿ ನಾನು ತಪ್ಪೋನಲ್ಲ! ಇಂಜೆಕ್ಷನ್ ಮಾತೇ ಬೇಡ!”

“ನನ್ನ ಮೊಣಕಾಲಿಗಂತೂ ಆ ಮುಲಾಮು ದೇವರು ಕೊಟ್ಟಿದ್ದು,” ಎಂದರು ಅತ್ತೆ ಸಂಭ್ರಮದಿಂದ. “ದಿನಾ ಹಚ್ಕೋತೀನಿ.”

ಡಾಕ್ಟರಮ್ಮನ ನಗು ನಿಂತಿತು. “ದಿನಾನಾ? ಹೆಂಗಸರಿಗೆ ಅದು ತಾಗಲೇಬಾರದು! ಅಮ್ಮಾ, ನಿಮ್ಮ ರಕ್ತಾನೂ ಪರೀಕ್ಷೆ ಮಾಡ್ಬೇಕು. ಮಾಸ್ಟರೇ, ಇನ್ಮೇಲೆ ನಿಮ್ಮ ಮನೆಗೆ ಜೆಲ್ ಬೇಡ. ಇಂಜೆಕ್ಷನ್ನೇ.”

ಮಾಸ್ಟರ್ ಬಾಗಿಲಿಗೆ ಹಾರಿದ. ಹಿಂದಿನಿಂದ ರಟ್ಟೆಗೆ ಕಬ್ಬಿಣದಂಥ ಹಿಡಿತವೊಂದು ಬಿತ್ತು.

“ನೀವು ಚುಚ್ಚಿ ಡಾಕ್ಟ್ರೇ,” ಎಂದರು ಅತ್ತೆ. “ಅಳಿಯಂದ್ರನ್ನ ನಾನು ಹಿಡ್ಕೊಂಡಿರ್ತೀನಿ.”