ಮಾವನವರ ಕಣ್ಣು ತೆರೆಸಿದ್ದು

ಕಲಾವಿದನಾಗಲು ಕೈ ಬೇಕು, ಅಭ್ಯಾಸ ಬೇಕು, ಗುರು ಬೇಕು ಎನ್ನುವವರು ಎನ್ನಲಿ. ನನ್ನ ಪ್ರಕಾರ ಬೇಕಾದದ್ದು ಧೈರ್ಯ ಒಂದೇ. ೧೯೭೪ರ ಹೊತ್ತಿಗೆ ಅದು ನನ್ನಲ್ಲಿ ತುಂಬಿ ತುಳುಕುತ್ತಿತ್ತು! ಬಳ್ಳಾರಿಯ ಕಚೇರಿಯೊಂದರಲ್ಲಿ ನಾನು ಗುಮಾಸ್ತ ತಿಪ್ಪೇರುದ್ರಪ್ಪ. ಆದರೆ ಅದು ಸರ್ಕಾರದ ಅಭಿಪ್ರಾಯ. ಒಳಗೊಳಗೆ ನಾನು ಕಲಾವಿದ. ವಾರಪತ್ರಿಕೆಯೊಂದರಲ್ಲಿ ಬಂದಿದ್ದ, ಫೋಟೋ ತಿದ್ದುವುದನ್ನು ಕುರಿತ ಒಂದೂವರೆ ಪುಟದ ಲೇಖನವನ್ನು ನಾಲ್ಕು ಸಲ ಓದಿ, ಸಣ್ಣ ಬ್ರಷ್ಷು, ಕಪ್ಪು ಇಂಕು, ಭೂತಗನ್ನಡಿ ಎಲ್ಲ ತಂದಿಟ್ಟುಕೊಂಡಿದ್ದೆ. ನಮ್ಮ ಮದುವೆಯ ಕಪ್ಪು-ಬಿಳುಪು ಫೋಟೋಕ್ಕೆ ಬಣ್ಣ ಹಚ್ಚಿದವನೂ ನಾನೇ. ಅದರಲ್ಲಿ ನನ್ನ ಹೆಂಡತಿಯ ತುಟಿ ನೋಡಿದ ನೆರೆಮನೆಯವರು, "ಮದುವಿ ದಿನ ಅಕ್ಕೋರು ಎಷ್ಟು ಎಲಿ-ಅಡಿಕಿ ಹಾಕ್ಕೊಂಡಿದ್ರು?" ಎಂದು ಕೇಳಿದ್ದು ಅವರ ಅಜ್ಞಾನ.

ಇಂಥ ನನ್ನ ಕಲೆಗೆ ಒಂದು ದಿನ ಕುರುಗೋಡಿನ ಬಸ್ಸಿನಲ್ಲಿ ಅವಕಾಶ ಬಂದಿಳಿಯಿತು. ಬಂದವರು ನಮ್ಮ ಅತ್ತೆ ಕೊಟ್ರಮ್ಮನವರು. ಮಾವ ಕೊಟ್ಟೂರಪ್ಪನವರು ತೀರಿಕೊಂಡು ಇನ್ನು ಹದಿನೈದು ದಿನಕ್ಕೆ ವರ್ಷ ತುಂಬುವುದಿತ್ತು. ಅತ್ತೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ಫೋಟೋ ಒಂದನ್ನು ತೆಗೆದು ಎರಡೂ ಕೈಯಿಂದ ನನಗೆ ಕೊಟ್ಟರು. ಇಡೀ ಭೂಮಂಡಲದಲ್ಲಿ ಮಾವನವರದು ಇದ್ದದ್ದು ಅದೊಂದೇ ಫೋಟೋ. ಸಿರುಗುಪ್ಪದಲ್ಲಿ ಯಾರದೋ ಮದುವೆಗೆ ಹೋದಾಗ ತೆಗೆದದ್ದು. ದೊಡ್ಡ ರುಮಾಲು, ದಪ್ಪ ಮೀಸೆ, ಹಣೆಯ ತುಂಬ ವಿಭೂತಿ, ಎಲ್ಲ ಸರಿಯಾಗಿತ್ತು. ಕಣ್ಣು ಮಾತ್ರ ಮುಚ್ಚಿದ್ದವು!

"ಇದನ್ನ ದೊಡ್ಡದು ಮಾಡ್ಸಿ, ಕಟ್ಟು ಹಾಕ್ಸಿ ತರ್ರಿ ಅಳಿಯಂದ್ರ," ಎಂದರು ಅತ್ತೆ. "ವರ್ಷದ ದಿನ ಗ್ವಾಡಿಗೆ ಹಾಕಬೇಕು. ಕಣ್ಣೊಂದು ತೆರೆದಿದ್ರ, ಅಷ್ಟು ನನ್ನ ಕಡಿ ನೋಡಿದಂಗರ ಆಗ್ತಿತ್ತು. ಹೋಗ್ಲಿ ಬಿಡ್ರಿ, ನನ್ನ ಹಣೇಬರ."

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಎದೆ ಮುಂದೆ ಮಾಡಿ ಹೇಳಿಬಿಟ್ಟೆ: "ಚಿಂತಿ ಮಾಡಬ್ಯಾಡ್ರಿ ಅತ್ತಿ. ಮಾವನವರ ಕಣ್ಣು ನಾನು ತೆರಸ್ತೀನಿ!"

"ಅಪ್ಪ ಇದ್ದಾಗ ಅವನ ಮುಂದ ನಿಮ್ಮ ಬಾಯಿ ತೆರೀತಿದ್ದಿಲ್ಲ," ಎಂದಳು ಬಾಗಿಲ ಹಿಂದಿನಿಂದ ನನ್ನ ಹೆಂಡತಿ ಚನ್ನವೀರಮ್ಮ. "ಈಗ ಅವನ ಕಣ್ಣು ತೆರಸ್ತೀರೇನು?"

ಕಲಾವಿದರು ಇಂಥ ಮಾತಿಗೆ ಕಿವಿಗೊಡುವುದಿಲ್ಲ. ನೇರವಾಗಿ ಫೋಟೋಗ್ರಾಫರ್ ಓಬಳೇಶನ ಸ್ಟುಡಿಯೋಕ್ಕೆ ಹೋದೆ. ಅವನು ಫೋಟೋ ನೋಡಿ, "ಬಿಟ್ಟು ಹೋಗ್ರಿ ಸಾರ್. ಮೊದಲು ಇದರದೊಂದು ಕಾಪಿ ತೆಗೀತೀನಿ. ತಿದ್ದೋದೇನಿದ್ರೂ ಕಾಪಿ ಮ್ಯಾಲ. ಅಸಲು ಮುಟ್ಟಬಾರ್ದು," ಎಂದ.

"ತಿದ್ದೋದು ನಾನ ತಿದ್ತೀನಿ. ನೀನು ದೊಡ್ಡದು ಮಾಡಿಕೊಡು, ಸಾಕು," ಎಂದು ಫೋಟೋ ಕಿಸೆಗೆ ಹಾಕಿಕೊಂಡು ಬಂದೆ.

ಫೋಟೋ ತಿದ್ದಲು ಹೊರಟಿರುವ ಮಹನೀಯರೇ, ಇದೋ ನನ್ನ ಮೊದಲನೆಯ ಸಲಹೆ: ಅಸಲನ್ನು ಮುಟ್ಟಬೇಡಿ. ಎರಡನೆಯ ಸಲಹೆಯೂ ಅದೇ. ಮೂರನೆಯದು ಬೇಕೆನ್ನಿಸಿದರೆ ಮೊದಲನೆಯದನ್ನೇ ಇನ್ನೊಮ್ಮೆ ಓದಿಕೊಳ್ಳಿ.

ಭಾನುವಾರ ಊಟ ಮುಗಿಸಿ, ಬಿಸಿಲು ಬೀಳುವ ಕಿಟಕಿಯ ಪಕ್ಕ ಕೂತು ಬ್ರಷ್ ಹಿಡಿದೆ. ಜೋಳದ ಕಾಳಿನಷ್ಟು ಕಣ್ಣು. ಉಸಿರು ಬಿಗಿಹಿಡಿದು ಎಡಗಣ್ಣು ತೆರೆಸಿದೆ. ಅದ್ಭುತ! ಬಲಗಣ್ಣು ಕೂದಲೆಳೆಯಷ್ಟು ದೊಡ್ಡದಾಯಿತು. ಸರಿ, ಅದಕ್ಕೆ ಸಮವಾಗಲೆಂದು ಎಡಗಣ್ಣನ್ನು ಸ್ವಲ್ಪ ಹಿಗ್ಗಿಸಿದೆ. ಅದು ಹೆಚ್ಚು ಹಿಗ್ಗಿತು. ಮತ್ತೆ ಬಲಗಣ್ಣು. ಮತ್ತೆ ಎಡಗಣ್ಣು. ಎರಡೂ ಪೈಪೋಟಿಗೆ ಬಿದ್ದು ಬೆಳೆಯುತ್ತ ಬೆಳೆಯುತ್ತ ಹುಬ್ಬು ಮುಟ್ಟಿದವು!

ಚಹಾ ತಂದ ಚನ್ನವೀರಮ್ಮ ಬಗ್ಗಿ ನೋಡಿದಳು. "ಅಯ್ಯ ಶಿವನ! ಅಪ್ಪ ಯಾಕ ಹಾಸಿಗ್ಯಾಗ ಚೇಳು ಕಂಡೋರಂಗ ಗಾಬರಿ ಆಗ್ಯಾನ?"

"ಅದು ಗಾಬರಿ ಅಲ್ಲ, ತೇಜಸ್ಸು!"

"ತೇಜಸ್ಸು ಕಮ್ಮಿ ಮಾಡ್ರಿ. ಅವ್ವ ಅಂಜಿಕೊಂಡಾಳು."

ಹತ್ತಿಯನ್ನು ನೀರಿನಲ್ಲಿ ಅದ್ದಿ ಮೆಲ್ಲಗೆ ಒರೆಸಿದೆ. ಇಂಕು ಹೋಗಲಿಲ್ಲ. ಇನ್ನಷ್ಟು ಉಜ್ಜಿದೆ. ಇಂಕು ಹೋಯಿತು. ಅದರ ಜೊತೆಗೆ ರೆಪ್ಪೆ ಹೋಯಿತು, ರೆಪ್ಪೆಯ ಹಿಂದೆಯೇ ಫೋಟೋದ ಮೇಲ್ಪದರ ಸಿಪ್ಪೆಯಂತೆ ಎದ್ದುಬಂತು. ಮಾವನವರ ಮುಖದಲ್ಲಿ ಈಗ ಇದ್ದದ್ದು ಬೆಳ್ಳಗಿನ ಎರಡು ಕಾಗದದ ಕಲೆ.

"ಇದ್ದೊಂದು ಪಟ ಅಲ್ಲೇನ್ರೀ!" ಎಂದು ಚನ್ನವೀರಮ್ಮ ನೆಲಕ್ಕೆ ಕೂತುಬಿಟ್ಟಳು. "ಮುಚ್ಚಿದ ಕಣ್ಣಾದ್ರೂ ಅವನವ ಇದ್ವು. ಅವ್ವಗ ಏನಂತ ಹೇಳ್ಲಿ?"

ನಗೆಬರಹ ಬರೆಯುತ್ತಿರುವೆನಾದರೂ ನಿಜ ಹೇಳುತ್ತೇನೆ, ಆ ಹೊತ್ತಿಗೆ ನನಗೆ ಅಳು ಬಂದಿತ್ತು. ಅತ್ತೆ ಎರಡೂ ಕೈಯಿಂದ ಕೊಟ್ಟದ್ದನ್ನು ನಾನು ಎರಡು ಬೆರಳಿನಿಂದ ಉಜ್ಜಿ ಹಾಳುಮಾಡಿದ್ದೆ. ಆದರೂ ಬಾಯಿ ಸುಮ್ಮನಿರಬೇಕಲ್ಲ! "ಓಬಳೇಶ ಎಲ್ಲಾ ಸರಿ ಮಾಡ್ತಾನ," ಎಂದೆ.

ಹೋಗಿ ಓಬಳೇಶನ ಕಾಲಿಗೆ ಬೀಳಬಹುದಿತ್ತು. ಬೀಳಲು ಮನಸ್ಸು ಒಪ್ಪಲಿಲ್ಲ. ತೆರೆದ ಕಣ್ಣು ಬರೆಯಲಾಗದಿದ್ದರೇನು, ತಂದು ಅಂಟಿಸಿದರಾಯಿತು! ಕಣ್ಣಿನ ಹುಡುಕಾಟ ಶುರುವಿಟ್ಟುಕೊಂಡೆ. ಕ್ಯಾಲೆಂಡರಿನ ದೇವರ ಕಣ್ಣು ಕಿವಿಯವರೆಗೆ ಹೋಗುತ್ತಿದ್ದವು. ಪತ್ರಿಕೆಯಲ್ಲಿದ್ದ ಮಂತ್ರಿಗಳ ಕಣ್ಣು ಬರೀ ಚುಕ್ಕೆ. ಕೊನೆಗೆ ಟ್ರಂಕಿನಲ್ಲಿ ಒಂದು ಸಣ್ಣ ಪಾಸ್‌ಪೋರ್ಟ್ ಫೋಟೋ ಸಿಕ್ಕಿತು. ದಾರ ಹಿಡಿದು ಅಳೆದೆ. ಹೇಳಿ ಮಾಡಿಸಿದ ಅಳತೆ! ಅದು ಕಚೇರಿಯ ಗುರುತಿನ ಚೀಟಿಗೆಂದು ತೆಗೆಸಿದ್ದ ನನ್ನದೇ ಫೋಟೋ. ಶೇವಿಂಗ್ ಬ್ಲೇಡಿನಿಂದ ನನ್ನ ಕಣ್ಣು ನಾನೇ ಕಿತ್ತು, ಮೈದಾ ಅಂಟು ಸವರಿ, ಮಾವನವರಿಗೆ ನೇತ್ರದಾನ ಮಾಡಿದೆ.

ಅದರಿಂದ ಕಾಪಿ ತೆಗೆದು, ಅಂಟಿಸಿದ ಗೆರೆಗಳನ್ನು ಮರೆಮಾಡಿ, ಗೇಣುದ್ದದ ಫೋಟೋ ಮಾಡಿ ಕಟ್ಟು ಹಾಕಿ ಕೊಟ್ಟ ಓಬಳೇಶ, "ಭೇಷ್ ಸಾರ್! ಕಣ್ಣು ಯಾರವು?" ಎಂದು ಕೇಳಿದ.

"ಎಲ್ಲೋ ಸಿಕ್ಕವು," ಎಂದೆ. ಹೆಂಡತಿಗೆ, "ನೋಡು, ಓಬಳೇಶ ಹ್ಯಾಂಗ ಬರದಾನ!" ಎಂದೆ. ಅವಳು ದೂರದಿಂದಲೇ ನೋಡಿ ಶಿವನಿಗೆ ಕೈಮುಗಿದಳು.

ವರ್ಷದ ದಿನ ಕುರುಗೋಡಿನ ಮನೆ ತುಂಬ ನೆಂಟರು. ಪಟ ಗೋಡೆಗೇರಿತು. ಮಾವನವರ ತಮ್ಮ ಕಾಡಸಿದ್ದಪ್ಪನವರು ಕೈ ಹಿಂದೆ ಕಟ್ಟಿಕೊಂಡು ನೋಡಿ, "ಬಿಲ್ಕುಲ್ ನಮ್ಮಣ್ಣ! ಅದ ನೋಟ, ಅದ ಗತ್ತು! ಈ ಕಣ್ಣಿಗೆ ಇಡೀ ಓಣಿ ನಡುಗ್ತಿತ್ತು!" ಎಂದು ತೀರ್ಪು ಕೊಟ್ಟರು. ನಾನು ಉಬ್ಬಿ ಅಂಗಿಯ ಗುಂಡಿ ಕಿತ್ತುಹೋಗುವುದೊಂದು ಬಾಕಿ.

ಅತ್ತೆ ಮಾತ್ರ ಪಟದ ಮುಂದೆ ನಿಂತರು. ಎಡಕ್ಕೆ ಸರಿದು ನೋಡಿದರು, ಬಲಕ್ಕೆ ಸರಿದು ನೋಡಿದರು. ಹುಬ್ಬು ಗಂಟಿಕ್ಕಿತು.

ಅಷ್ಟರಲ್ಲಿ ಚನ್ನವೀರಮ್ಮ ಹಾರ ಹಿಡಿದು ಸ್ಟೂಲು ಹತ್ತಿದಳು. ಪಟಕ್ಕೂ ಅವಳ ಮುಖಕ್ಕೂ ಗೇಣು ದೂರ. ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಪಟ ನೋಡಿದಳು. ತಿರುಗಿ ನನ್ನನ್ನು ನೋಡಿದಳು. ಮತ್ತೆ ಪಟ, ಮತ್ತೆ ನಾನು. ಆ ಕಣ್ಣುಗಳನ್ನು ಹನ್ನೊಂದು ವರ್ಷ ದಿನಾ ನೋಡಿದವಳು!

"ಹಾಕವ್ವ, ಹೊತ್ತಾತು," ಎಂದರು ಕಾಡಸಿದ್ದಪ್ಪ.

"ಹಾಕಂಗಿಲ್ಲ ಕಾಕಾ! ಅಪ್ಪ ಹೋಗ್ಯಾನ, ಈ ಕಣ್ಣು ಇನ್ನೂ ಬದುಕ್ಯಾವ!" ಎಂದು ಚೀರಿದಳು. "ಇವು ನಮ್ಮನಿಯವರ ಕಣ್ಣು! ಜೀವಂತ ಇರೋ ಗಂಡಗ ನಾನ ಹಾರ ಹಾಕ್ಲೇನು?"

ಕಾಡಸಿದ್ದಪ್ಪನವರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂದು ಹೊರಗೆ ಹೋದರು. ಇಂಕು, ಹತ್ತಿ, ಬ್ಲೇಡು, ಮೈದಾ ಅಂಟು ಎಲ್ಲವನ್ನೂ ನಾನು ನೆಂಟರ ನಡುವೆ ನಿಂತು ಒಪ್ಪಿಕೊಂಡೆ. ಅತ್ತೆಯ ಕಾಲ ಹತ್ತಿರ ಕೂತು, "ತಪ್ಪಾತು ಅತ್ತಿ. ಇದ್ದೊಂದು ಪಟ ಹಾಳು ಮಾಡಿಬಿಟ್ಟೆ," ಎಂದೆ.

ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. ಹೆಗಲು ಕುಲುಕತೊಡಗಿತು. ಅಳಿಸಿದೆನಲ್ಲ ಎಂದು ನನ್ನ ಜೀವ ಹಿಡಿಯಾಯಿತು. ನೋಡಿದರೆ ಅವರು ನಗುತ್ತಿದ್ದರು!

"ಅದಕ್ಕ ಮತ್ತ!" ಎಂದರು. "ನಲವತ್ತು ವರ್ಷ ಬಾಳೇವು ಮಾಡೀನಿ, ಈ ಮನಶಾ ಒಂದಿನ ನನಗ ಅಂಜಿ ನೋಡಿದ್ದಿಲ್ಲ. ಸತ್ತ ಮ್ಯಾಲ ಯಾಕ ಹಿಂಗ ಗಡಗಡ ನಡುಗಾಕತ್ತಾರ ಅಂತ ಆಗಿಂದ ವಿಚಾರ ಮಾಡಾಕತ್ತೀನಿ!"

ಚನ್ನವೀರಮ್ಮ ನಾಚಿಕೆಯಿಂದ ಪಟ ಇಳಿಸಲು ಕೈ ಹಾಕಿದಳು.

"ತೆಗೀಬ್ಯಾಡ ಚನ್ನವೀರಿ!" ಎಂದು ಅತ್ತೆ ತಡೆದರು. "ಹಾರ ಬ್ಯಾಡ ಅಂದ್ರ ಬ್ಯಾಡ. ಪಟ ಅಲ್ಲೇ ಇರ್ಲಿ. ಇನ್ನ ಮುಂದರ ನಾನು ಹೇಳಿದ್ದು ಕೇಳ್ಲಿ!"