ಕಂಪ್ಯೂಟರಿಗೆ ಪಣವಾದ ಮೀಸೆ

"ಈ ಕಂಪ್ಯೂಟರ್ ಶುರು ಮಾಡಕ್ಕೆ ನಿನ್ ತಮ್ಮನ ಒಂದೇ ಒಂದು ಮಾತು ಬೇಕಾದ್ರೂ ಅರ್ಧ ಮೀಸೆ ಬೋಳಿಸ್ಕತೀನಿ ಕಣೇ" ಎಂದು ಕನಕರಾಜು ಹೆಂಡತಿ ಯಶೋದಮ್ಮನ ಮುಂದೆ ಶಪಥ ಮಾಡಿದ.

ಕಂಪಲಾಪುರದಲ್ಲಿ ಟೈಪಿಂಗ್ ಶಾಲೆ ನಡೆಸುವ ಕನಕರಾಜುವಿನ ಮೀಸೆ ಸಾಮಾನ್ಯದ್ದಲ್ಲ. ಅದನ್ನು ತೀಡುವಷ್ಟರಲ್ಲಿ ದಿನಾ ಬೆಳಗಿನ ಕಾಫಿ ಆರಿಹೋಗುತ್ತಿತ್ತು. ಅಂಥ ಮೀಸೆಯನ್ನೇ ಪಣಕ್ಕಿಟ್ಟನೆಂದರೆ ರೋಷ ಎಷ್ಟಿರಬೇಕು! ರೋಷಕ್ಕೆ ಕಾರಣ ಯಶೋದಮ್ಮನ ತಮ್ಮ ಉಮಾಶಂಕರ. ಹುಣಸೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಅವನು ಸೆಕೆಂಡ್ ಹ್ಯಾಂಡ್ ಪುಟ್ಟ ಕಂಪ್ಯೂಟರೊಂದನ್ನು ಕೊಡಿಸಿ, ವಿಂಡೋಸ್ ಸಿ.ಡಿ.ಯನ್ನೂ ಯಂತ್ರ ಎಬ್ಬಿಸುವ ಫ್ಲಾಪಿ ಬಿಲ್ಲೆಯೊಂದನ್ನೂ ಕೈಗಿಟ್ಟು, "ನಿಮ್ ಕೈಲಾಗಲ್ಲ ಬುಡಿ ಭಾವ, ಭಾನುವಾರ ನಾನೇ ಬಂದು ಹಾಕ್ಕೊಡ್ತೀನಿ" ಎಂದಿದ್ದ. ಅರ್ಧ ತಾಲ್ಲೂಕಿಗೆ ಟೈಪಿಂಗ್ ಕಲಿಸಿದವನ ಕೈಲಿ ಆಗಲ್ಲವಂತೆ!

ಕನಕರಾಜು ಶನಿವಾರವೇ ಕೂತ. ಫ್ಲಾಪಿ ತೂರಿಸಿದ, ಸಿ.ಡಿ. ಹಾಕಿದ, ಕೇಳಿದ್ದಕ್ಕೆಲ್ಲ ಹೂಂಗುಟ್ಟುತ್ತ ಕೀ ಒತ್ತಿದ. ಮಧ್ಯಾಹ್ನದ ಹೊತ್ತಿಗೆ ವಿಂಡೋಸ್ ಇಳಿಯಿತು. ಒಮ್ಮೆ ಆರಿಸಿ ಮತ್ತೆ ಹಚ್ಚಿದರೆ ಮುಗಿಯಿತು. ಆದರೆ ಹೊಸ ಯಂತ್ರವನ್ನು ಪೂಜೆಯಿಲ್ಲದೆ ಹಚ್ಚುವುದುಂಟೆ? ಕನಕರಾಜು ಸ್ನಾನ ಮಾಡಿ ಬಂದು, ಕಂಪ್ಯೂಟರ್ ಪೆಟ್ಟಿಗೆಯ ಗುಂಡಿ, ಬಾಯಿ, ಸಂದಿ ಒಂದನ್ನೂ ಬಿಡದೆ ಅರಿಶಿನ ಕುಂಕುಮ ಇಟ್ಟ. ಅದರ ಮುಖ ಮುಚ್ಚುವಂತೆ ದಪ್ಪ ಚೆಂಡುಹೂವಿನ ಹಾರ ಇಳಿಬಿಟ್ಟ. ಹೊಸ ಗಾಡಿಯಾದರೆ ನಿಂಬೆಹಣ್ಣನ್ನು ಚಕ್ರದಡಿ ಇಡಬಹುದು. ಇದಕ್ಕೆ ಚಕ್ರವೇ ಇಲ್ಲದ ಕಾರಣ ತಾನೇ ಕಾಲಲ್ಲಿ ಹೊಸಕಿದ. ಆಮೇಲೆ ಸ್ವಿಚ್ ಒತ್ತಿದ.

ಮತ್ತೆ ಅದೇ ಕಪ್ಪು ಪರದೆ, ಬೆಳಿಗ್ಗೆ ಕೇಳಿದ ಅದೇ ಪ್ರಶ್ನೆ! ವಿಂಡೋಸ್ ಹಾಕಿದ್ದೇ ಸುಳ್ಳು ಎಂಬಂತೆ.

ಬಿಡುವವನೇ ಕನಕರಾಜು? ಹಾರ ಸರಿಸದೆ, ಕೇಳಿದ್ದಕ್ಕೆಲ್ಲ ಹೂಂಗುಟ್ಟಿ ಪುನಃ ಮೊದಲಿಂದ ಹಾಕಿದ. ಪುನಃ ಅದೇ ಪ್ರಶ್ನೆ. ಕರೆಂಟಿನವರನ್ನು ಬೈದ, ಸ್ಟೆಬಿಲೈಜರ್ ತಲೆಗೆ ತಟ್ಟಿದ, ಮೇಜನ್ನೇ ಎಳೆದು ಪೂರ್ವಕ್ಕೆ ತಿರುಗಿಸಿದ. ಸಾಯಂಕಾಲಕ್ಕೆ ನೋಡಲಾರದೆ ಯಶೋದಮ್ಮ ತಮ್ಮನಿಗೆ ಫೋನ್ ಹಚ್ಚಿ ಗಂಡನ ಕಿವಿಗೆ ಒತ್ತಿದಳು.

"ಭಾವ, ಫ್ಲಾಪಿ ಈಚೆ ತೆಗೆದ್ರಾ? ಅದು ಒಳಗಿದ್ರೆ ಮೊದ್ಲು ಅದ್ನೇ ಓದ್ತದೆ. ವಿಂಡೋಸ್ ಕಡೆ ತಿರುಗೂ ನೋಡಲ್ಲ."

"ಅಷ್ಟೂ ಗೊತ್ತಾಗ್ದಿರೋ ದಡ್ಡ ಅಂದ್ಕಂಡಾ ನನ್ನ? ಪೂಜೆಗಿಂತ ಮುಂಚೇನೇ ತೆಗೆದೆ" ಎಂದು ಕನಕರಾಜು ಫೋನ್ ಕುಕ್ಕಿದ.

ಹಾರ ಎತ್ತಿ ಒಂದು ಸಲ ನೋಡಬಾರದೆ ಎಂದಳು ಯಶೋದಮ್ಮ.

"ಪೂಜೆ ಮಾಡಿದ ದಿನಾನೇ ಹಾರ ಮುಟ್ತಾರೇನೇ? ಅದೆಲ್ಲ ನಾಳೆ" ಎಂದು ಗದರಿಸಿದ.

ಭಾನುವಾರ ಬೆಳಿಗ್ಗೆ ಬಾಡಿದ ಹಾರ ತೆಗೆದರೆ, ಪೆಟ್ಟಿಗೆಯ ಬಾಯಲ್ಲಿ ಫ್ಲಾಪಿಯ ಅಂಚು ಇಣುಕುತ್ತಿದೆ! ಹೆಂಡತಿ ಅಡುಗೆಮನೆಯಲ್ಲಿದ್ದಳು. ಕನಕರಾಜು ಗುಂಡಿ ಒತ್ತಿ, ಫ್ಲಾಪಿ ಎಳೆದು ಜೇಬಿಗೆ ಇಳಿಸಿ, ಸ್ವಿಚ್ ಹಾಕಿದ. ವಿಂಡೋಸ್ ರಾಗ ಹಾಡುತ್ತ ಎದ್ದು ಬಂತು.

ಉಮಾಶಂಕರ ಬಸ್ ಇಳಿದು ಬರುವಷ್ಟರಲ್ಲಿ ಭಾವನ ಮೀಸೆ ಕೊಂಬಿನಂತೆ ನಿಂತಿತ್ತು. ದೋಷವೆಲ್ಲ ಸ್ಟೆಬಿಲೈಜರಿನದೆಂದೂ, ತಾನು ಅದಕ್ಕೆ ಬುದ್ಧಿ ಕಲಿಸಿದ ಮೇಲೆ ಕಂಪ್ಯೂಟರ್ ಬಾಲ ಮುದುರಿತೆಂದೂ ಕಾಫಿ ಮುಗಿಯುವ ತನಕ ವರ್ಣಿಸಿದ. ಭಾಮೈದ ಎಲ್ಲಕ್ಕೂ ತಲೆಯಾಡಿಸಿ, ಎದ್ದು ಹೊರಡುವಾಗ, "ಆ ಫ್ಲಾಪಿ ಕೊಡಿ ಭಾವ, ಪಿರಿಯಾಪಟ್ಟಣದಲ್ಲಿ ಒಬ್ರಿಗೆ ಬೇಕು" ಎಂದ.

ಗೆದ್ದ ಅಮಲಿನಲ್ಲಿ ಕನಕರಾಜು ಜೇಬಿನಿಂದ ತೆಗೆದು ಚಾಚಿದ. ನಡುವೆ ಯಶೋದಮ್ಮ ಇಸಿದುಕೊಂಡಳು. ಫ್ಲಾಪಿಯ ಅಂಚಿನಲ್ಲಿ ಅರಿಶಿನ, ಅದರ ಮೇಲೆ ದುಂಡನೆಯ ಕುಂಕುಮ.

"ಪೂಜೆಗಿಂತ ಮುಂಚೇನೇ ತೆಗೆದೆ ಅಂದ್ರಲ್ಲ, ಇದಕ್ಕೆ ಜೇಬಲ್ಲೇ ಪೂಜೆ ಮಾಡುದ್ರಾ?" ಎಂದವಳು ತಮ್ಮನ ಕಡೆ ತಿರುಗಿ, "ಉಮಾ, ಬಚ್ಚಲ ಕನ್ನಡಿ ಹತ್ರ ನಿಮ್ ಭಾವನ ರೇಜರ್ ಐತೆ, ತಕ್ಕಂಡು ಬಾ" ಎಂದಳು.

ಕನಕರಾಜು ಆಗಲೂ ಸೋಲಲಿಲ್ಲ. ಎರಡೂ ಕೈಯಿಂದ ಮೀಸೆ ಮುಚ್ಚಿಕೊಂಡು, "ಪೂಜೆ ಮಾಡಿದ ದಿನ ರೇಜರ್ ಮುಟ್ಟಬಾರದು ಕಣೇ, ಅದೆಲ್ಲ ನಾಳೆ" ಎಂದ.

"ಪೂಜೆ ನಿನ್ನೇನೇ ಆಗೋಯ್ತು ಕಣ್ರೀ" ಎಂದಳು ಯಶೋದಮ್ಮ.